ಸುಡದ ಮಡಕೆಗೆ ಮೇಣ ಹಚ್ಚಿ ನೀರಲ್ಲೇ ಕೆತ್ತುವುದು

ಇದಕ್ಕೆ ಚಾಕು ಬೇಡ, ಉಳಿ ಬೇಡ. ಇನ್ನೂ ಸುಡದ ಮಡಕೆಯ ಮೇಲೆ ಮೇಣದಲ್ಲಿ ಚಿತ್ರ ಬರೆದು ಒದ್ದೆ ಸ್ಪಂಜಿನಿಂದ ಒರೆಸುತ್ತಾ ಹೋದರೆ, ಮೇಣ ಇಲ್ಲದ ಕಡೆ ಮಣ್ಣು ಕರಗಿ ತಗ್ಗಾಗುತ್ತದೆ, ಮೇಣ ಇರುವ ಕಡೆ ಚಿತ್ರ ಉಬ್ಬಿ ನಿಲ್ಲುತ್ತದೆ. ಅಷ್ಟೇ.

ಮಡಕೆ ಪೂರ್ತಿ ಒಣಗಿರಲೇಬೇಕು. ಕೆನ್ನೆಗೆ ತಾಗಿಸಿ ನೋಡಿ, ತಣ್ಣಗಿದ್ದರೆ ಒಳಗೆ ತೇವ ಇದೆ ಅಂತ ಅರ್ಥ. ಅರ್ಧ ಒಣಗಿದ ಮಣ್ಣನ್ನು ಎಷ್ಟು ಒರೆಸಿದರೂ ಸುಮ್ನೆ ನುಣ್ಣಗಾಗುತ್ತದೆ, ಬೇಗ ಸವೆಯುವುದಿಲ್ಲ. ಒಣಗಿದ ಮಣ್ಣು ನೀರು ಹೀರಿದ ಕೂಡಲೇ ಸಡಿಲವಾಗುತ್ತದೆ, ಆದರೆ ಅದು ತುಂಬಾ ನಾಜೂಕು, ಅಂಚು ಹಿಡಿದು ಎತ್ತಿದರೆ ತುಂಡು ಕೈಗೆ ಬರುತ್ತದೆ. ಎರಡೂ ಅಂಗೈಯಲ್ಲಿ ಎತ್ತಿ. ಗೋಡೆ ಐದಾರು ಮಿಲಿಮೀಟರ್ ದಪ್ಪ ಇದ್ದರೆ ಧೈರ್ಯ.

ಕುಂಬಾರಿಕೆಗೆಂದೇ ಸಿಗುವ ದ್ರವ ಮೇಣ ಸಾಕು, ಕಾಯಿಸುವ ಗೋಜಿಲ್ಲ. ಬ್ರಷ್ಷನ್ನು ಮೊದಲು ಸೋಪಿನ ನೀರಿನಲ್ಲಿ ಅದ್ದಿ, ಇಲ್ಲದಿದ್ದರೆ ಕೂದಲು ಗಟ್ಟಿಯಾಗಿ ಹೋಗುತ್ತದೆ. ಮೇಣಕ್ಕೆ ಎರಡು ಹನಿ ಅಡುಗೆ ಬಣ್ಣ ಹಾಕಿದರೆ ಎಲ್ಲಿ ಹಚ್ಚಿದ್ದೀರಿ ಅಂತ ಕಾಣುತ್ತದೆ, ಸುಡುವಾಗ ಅದು ಹೋಗುತ್ತದೆ. ಸಣ್ಣ ಗೆರೆಗಳೇ ಜಾಸ್ತಿ ಇದ್ದರೆ ಮೇಣದ ಬದಲು ಶೆಲ್ಯಾಕ್ (ಅರಗಿನಿಂದ ಮಾಡಿದ ವಾರ್ನಿಷ್) ಹಚ್ಚಿ, ಅದು ಉಜ್ಜಾಟವನ್ನು ಚೆನ್ನಾಗಿ ತಡೆಯುತ್ತದೆ. ಯಾವುದೇ ಆದರೂ ರಾತ್ರಿಯಿಡೀ ಒಣಗಲು ಬಿಡಿ.

ಇನ್ನು ನೀರು. ಕೆಡುವುದೆಲ್ಲಾ ಇಲ್ಲೇ. ನನ್ನ ಮೊದಲ ಬಟ್ಟಲಿಗೆ ತೊಟ್ಟಿಕ್ಕುವ ಸ್ಪಂಜು ಹಿಡಿದೆ, ನೀರು ಒಳಗೆ ಇಳಿದು ತಳದಲ್ಲಿ ನಿಂತಿತು, ಹತ್ತು ನಿಮಿಷದಲ್ಲಿ ತಳ ಬಿರುಕು ಬಿಟ್ಟಿತು. ಸ್ಪಂಜನ್ನು ಹಿಂಡಿ ಹಿಂಡಿ, ಬರೀ ತೇವ ಉಳಿಸಿ, ಒತ್ತದೆ ಒರೆಸಿ. ನಾಲ್ಕೈದು ಸಲ ಒರೆಸಿದ ಮೇಲೆ ಸ್ಪಂಜಿನ ಮೇಲೆ ಕೆನೆಯಂಥ ಕೆಸರು ಕಟ್ಟುತ್ತದೆ, ಆಗಲೇ ತೊಳೆಯಿರಿ, ಯಾಕಂದ್ರೆ ಅದರಲ್ಲಿರುವ ಮರಳಿನ ಕಣ ಮೇಣವನ್ನೇ ಕೆರೆದು ಹಾಕುತ್ತದೆ. ಉಗುರಿನಿಂದ ಗೆರೆಯ ಅಂಚನ್ನು ಸವರಿ ನೋಡಿ. ಮೆಟ್ಟಿಲು ತಡೆದರೆ ಸಾಕು ಅನ್ನಿ, ಒಂದು ಮಿಲಿಮೀಟರ್ ಆಳವೇ ಸುಟ್ಟ ಮೇಲೆ ಚೆನ್ನಾಗಿ ಕಾಣುತ್ತದೆ. ಇನ್ನೂ ಆಳ ಬೇಕಾ? ಮಡಕೆಯ ಬಣ್ಣ ಗಾಢವಾಗಿದ್ದರೆ ನೀರು ಕುಡಿದಿದೆ ಅಂತ, ನಾಳೆವರೆಗೆ ಬಿಡಿ. ಒಣಗಿದ ಮೇಲೆ ತಗ್ಗಿನಲ್ಲೂ ಒಂದಿಷ್ಟು ಮೇಣ ಹಚ್ಚಿ ಮತ್ತೆ ಒರೆಸಿದರೆ ಎರಡು ಹಂತದ ಚಿತ್ರ ಬರುತ್ತದೆ, ನನಗೆ ಇದೇ ಇಷ್ಟ.

ತರಿ ಜಾಸ್ತಿ ಇರುವ ಮಣ್ಣಿನಲ್ಲಿ ತಗ್ಗು ಒರಟಾಗುತ್ತದೆ. ಪೋರ್ಸಲೇನ್ ಅನ್ನುವ ನುಣುಪಾದ ಬಿಳಿ ಮಣ್ಣಾದರೆ ನಯ, ಸವೆದ ಜಾಗದಲ್ಲಿ ಬೆಳಕೂ ಹಾಯುತ್ತದೆ.

ಮೇಣ ತೆಗೆಯುವ ಕೆಲಸವಿಲ್ಲ, ಮೊದಲ ಸುಡುವಿಕೆಯಲ್ಲೇ ಉರಿದುಹೋಗುತ್ತದೆ. ಹೊಗೆ ಮಾತ್ರ ಬರುತ್ತದೆ, ಕಿಟಕಿ ತೆರೆದಿಡಿ, ಭಟ್ಟಿಯ ಪಕ್ಕ ಕೂರಬೇಡಿ. ಆಮೇಲೆ ಪಾರದರ್ಶಕ ಗ್ಲೇಜ್ (ಸುಟ್ಟಾಗ ಗಾಜಿನಂತಾಗುವ ಲೇಪ), ಅಥವಾ ಸೆಲಡಾನ್ ಅನ್ನುವ ತಿಳಿ ಹಸಿರು ಗ್ಲೇಜ್ ಹಾಕಿ: ತಗ್ಗಿನಲ್ಲಿ ದಪ್ಪಗೆ ನಿಂತು ಗಾಢವಾಗುತ್ತದೆ, ಉಬ್ಬಿನ ಮೇಲೆ ತೆಳುವಾಗುತ್ತದೆ. ದಪ್ಪನೆಯ ಬಿಳಿ ಗ್ಲೇಜ್ ಹಾಕಿದಿರೋ, ಪಟ್ಟ ಪಾಡೆಲ್ಲಾ ಮುಚ್ಚಿಹೋಯಿತು.

ಹ್ಞಾಂ, ಬಕೆಟ್ಟಿನ ಕೆಸರು ಸಿಂಕಿಗೆ ಸುರಿಯಬೇಡಿ, ಪೈಪ್ ಕಟ್ಟಿಕೊಳ್ಳುತ್ತದೆ. ರಾತ್ರಿ ಬಿಟ್ಟರೆ ಮಣ್ಣು ತಳಕ್ಕೆ ಕೂರುತ್ತದೆ, ಮೇಲಿನ ತಿಳಿ ನೀರು ಮಾತ್ರ ಚೆಲ್ಲಿ.