ಅಯ್ಯನೋರು ಬರೋತನಕ ಕಾಯೋದು ಬಿಟ್ಟೆ: ನನ್ನ ಅನುಭವ

"ಅಯ್ಯನೋರು ಇಲ್ದ ಆರಾಧನಿ ಹ್ಯಾಂಗ ನಡಸ್ತಿ? ನಾಕು ವಾರ ನಡೀತದ, ಆಮ್ಯಾಲ ನೀನೇ ಕೀಲಿ ಹಾಕ್ಕೊಂಡು ಮನಿಗಿ ಹೋಗ್ತಿ ನೋಡು" ಅಂತ ನಮ್ಮ ಸಭೆಯ ಹಿರಿಯರೊಬ್ಬರು ಎಲ್ಲರ ಮುಂದ ಅಂದಿದ್ರು. ಅಯ್ಯನೋರು ಅಂದ್ರ ನಮ್ಮ ಚರ್ಚಿನ ಪಾದ್ರಿ. ಈಗ ಮೂರು ವರ್ಷ ಆಗ್ಲಿಕ್ಕ ಬಂತು, ಒಂದ್ ಐತವಾರನೂ ಚರ್ಚಿನ ಬಾಗಿಲು ಮುಚ್ಚಿಲ್ಲ. ಅದಕ್ಕೇ ಬರೀಲಿಕ್ಕತ್ತೀನಿ, ನಿಮ್ಮೂರಾಗೂ ಇದೇ ಪರಿಸ್ಥಿತಿ ಇದ್ರ ಉಪಯೋಗಕ್ಕ ಬರಬಹುದು.

ನಮ್ಮೂರು ಹುಮನಾಬಾದ್ ಕಡೀದು, ಮೆಥಡಿಸ್ಟ್ ಸಭೆ (ಪ್ರಾಟೆಸ್ಟೆಂಟ್ ಕ್ರೈಸ್ತರ ಒಂದು ಪಂಗಡ), 22 ಮನಿ. ನಮ್ಮ ಅಯ್ಯನೋರಿಗೆ ಆರು ಊರು, ನಮ್ಮ ಪಾಳಿ ಬರೋದು ತಿಂಗಳಿಗಿ ಒಂದ್ ಐತವಾರ, ಭಾಳಂದ್ರ ಎರಡು. ಅವರ ತಪ್ಪೇನಿಲ್ಲ, ಮಳ್ಯಾಗ ಬೈಕ್ ತಗೊಂಡು ಬರೋ ಮನುಷ್ಯಾ ಅವರು. ತಪ್ಪು ನಮ್ದು. ಪ್ರಾರ್ಥನಿ ಅವರೇ ಮಾಡಬೇಕು, ಸತ್ಯವೇದ (ಬೈಬಲ್) ಅವರೇ ಓದಬೇಕು, ಮನ್ಯಾಗ ಜ್ವರ ಬಂದ್ರ ಅವರಿಗೇ ಫೋನು. ನಮ್ಮ ನಂಬಿಕಿ ಅವರ ಬೈಕಿನ ಹಿಂದಿನ ಸೀಟಿನ ಮ್ಯಾಲ ಕುಂತು ಬರ್ತಿತ್ತು, ಅವರ ಜೋಡೀನೇ ವಾಪಸ್ ಹೋಗ್ತಿತ್ತು. ಬಳ್ಳಾರಿಯಾಗ ಮಿಶನರಿ ಜಾನ್ ಹ್ಯಾಂಡ್ಸ್ ಮತ್ತ ಅವರ ಜೋಡಿಯವರು ಇಪ್ಪತ್ತು ವರ್ಷದ ಆಜುಬಾಜು ದುಡಿದು 1831ಕ್ಕ ಪೂರ್ತಿ ಸತ್ಯವೇದ ಕನ್ನಡದಾಗ ಕೊಟ್ಟು ಹೋಗ್ಯಾರ, ನಮ್ಮ ಮನ್ಯಾಗ ಅದು ಬಟ್ಟಿ ಸುತ್ತಿ ಅಲ್ಮಾರಿ ಮ್ಯಾಲ ಇತ್ತು, ವರ್ಷಕ್ಕೊಮ್ಮಿ ಕ್ರಿಸ್ಮಸ್ಸಿಗಿ ಧೂಳು ಹೊಡೀತಿದ್ವಿ.

ಮೊದಲು ನಾನೊಬ್ಬನೇ ಸತ್ಯವೇದ ಓದ್ಲಿಕ್ಕ ಶುರು ಮಾಡ್ದೆ. ದಿನಕ್ಕ ಮೂರು ಅಧ್ಯಾಯ, ಐತವಾರ ಐದು, ವರ್ಷದಾಗ ಸತ್ಯವೇದದ 1189 ಅಧ್ಯಾಯ ಪೂರ್ತಿ ಮುಗೀತಾವ ಅನ್ನೋ ಲೆಕ್ಕ. ಜನವರಿ 1ಕ್ಕ ಹಚ್ಚಿದ್ರ ತಿಂಗಳು ಮುಗಿಯೋದ್ರಾಗ ಬಲಿ, ನೇಮಗಳ ಮಾತೇ ತುಂಬಿದ ಯಾಜಕಕಾಂಡ ಅನ್ನೋ ಪುಸ್ತಕ ಬರ್ತದ. ಎರಡು ವರ್ಷ ಎರಡೂ ಸಲ ಅಲ್ಲೇ ಸಿಕ್ಕೊಂಡೆ. ಅದರ ಜೋಡಿ ಶುಕ್ರವಾರ ಶುಕ್ರವಾರ ಉಪವಾಸ ಹಿಡ್ದೆ, ಎಸಿಡಿಟಿ ಆಗಿ ಸಂಜಿಕಡಿ ಹೆಂಡ್ತಿ ಮಕ್ಕಳ ಮ್ಯಾಲ ಸಿಟ್ಟು ಮಾಡ್ಲಿಕ್ಕತ್ತೆ, ಉಪವಾಸ ಇದ್ದು ಮನಿಮಂದೀನ ಅಳಿಸೋದು ಎಂಥ ಭಕ್ತಿ ಅಂತ ಬಿಟ್ಟೆ. ಆಮ್ಯಾಲ ವಾಟ್ಸಪ್ ಗ್ರೂಪ್. ಅರವತ್ತು ಮಂದಿ, ದಿನಾ ಮುಂಜಾನಿ ಒಂದು ವಚನ, ಎಲ್ಲರೂ ಆಮೆನ್ ಆಮೆನ್. ಒಂದ್ ದಿನ ಬೇಕಂತಲೇ ಇಲ್ಲದ ಅಧ್ಯಾಯದ ನಂಬರ್ ಹಾಕ್ದೆ, ಅದಕ್ಕೂ ಮೂವತ್ತು ಆಮೆನ್ ಬಂದ್ವು. ಅವತ್ತೇ ಗ್ರೂಪ್ ಬಂದ್ ಮಾಡಿಬಿಟ್ಟೆ, ಮನಸ್ಸಿಗಿ ಭಾಳ ನೋವಾಯ್ತು.

ಎಲ್ಲಾಕಿಂತ ದೊಡ್ಡ ಪೆಟ್ಟು ಮೂರು ದಿನದ ಕೂಟದ್ದು. ಹೊರಗಿನಿಂದ ಪ್ರಸಂಗಿಗಳನ್ನ, ಅಂದ್ರ ಉಪದೇಶ ಮಾಡೋರನ್ನ, ಕರಸಿದ್ವಿ. ಶಾಮಿಯಾನಾ, ಸೌಂಡು, ಅವರ ಗಾಡಿ ಖರ್ಚು, ಕಾಣಿಕಿ, ಮೂರು ರಾತ್ರಿ ಊಟ, ಎಲ್ಲಾ ಸೇರಿ 38 ಸಾವಿರದ ಆಜುಬಾಜು. ಜನ ಬಂದ್ರು, ಅತ್ತರು, ಕೈ ಎತ್ತಿದ್ರು. ಎರಡು ವಾರದ ಮ್ಯಾಲ ಚರ್ಚಿನಾಗ ನೋಡಿದ್ರ ಮೊದಲಿನ ಅದೇ ಒಂಬತ್ತು ಮಂದಿ, ಮ್ಯಾಲ 11 ಸಾವಿರ ಸಾಲ. ಸಾಲದ ಚೀಟಿ ನನ್ನ ಹೆಸರಿನ್ಯಾಗ ಇತ್ತು. ಆ ರಾತ್ರಿ ನಿದ್ದಿ ಬರಲಿಲ್ಲ.

ಆ ಸಾಲಾನೇ ದಾರಿ ತೋರಿಸ್ತು. ರಿಟೈರ್ ಆದ ಒಬ್ಬ ಅಯ್ಯನೋರ ಮುಂದ ಹೇಳ್ಕೊಂಡು ಕುಂತಿದ್ದೆ, ಅವರು ಅಂದ್ರು, "ಮಗಾ, ನಮ್ಮ ಮೆಥಡಿಸ್ಟರ ಕ್ಲಾಸ್ ಮೀಟಿಂಗ್ ಹುಟ್ಟಿದ್ದೇ ಸಾಲದಿಂದ." ಕ್ಲಾಸ್ ಮೀಟಿಂಗ್ ಅಂದ್ರ ಹನ್ನೆರಡು ಮಂದಿಯ ಆಜುಬಾಜು ಸಣ್ಣ ಗುಂಪು ವಾರಾ ಕೂಡಿ ಒಬ್ಬರ ಬಾಳು ಒಬ್ಬರು ವಿಚಾರಿಸೋದು. 1742ರಾಗ ಇಂಗ್ಲೆಂಡಿನ ಬ್ರಿಸ್ಟಲ್‌ನಾಗ ಕೂಟದ ಮನಿ ಕಟ್ಟಿದ ಸಾಲ ತೀರಸ್ಲಿಕ್ಕ ಮೆಥಡಿಸ್ಟ್ ಪಂಗಡ ಶುರು ಮಾಡಿದ ಜಾನ್ ವೆಸ್ಲಿಯವರ ಮಂದಿ ಕೂಡಿದ್ರಂತ. ಒಬ್ಬೊಬ್ಬರು ವಾರಕ್ಕ ಒಂದು ಪೆನ್ನಿ (ಅಲ್ಲಿನ ಸಣ್ಣ ನಾಣ್ಯ) ಕೊಡೋಣ ಅಂದಾಗ, ಬಡವರ ಕಡಿ ಅದೂ ಇಲ್ಲಲಾ ಅಂತ ಒಬ್ಬರು ಕೇಳಿದ್ರು. ಅದಕ್ಕ ಇನ್ನೊಬ್ಬ, ಹನ್ನೊಂದು ಮಂದಿ ತೀರಾ ಬಡವರನ್ನ ನನಗ ಒಪ್ಪಿಸ್ರಿ, ವಾರಾ ಮನಿಗಿ ಹೋಗಿ ಕೇಳ್ತೀನಿ, ಇಲ್ಲಂದವರದ್ದು ನಾನೇ ತುಂಬ್ತೀನಿ ಅಂದನಂತ. ಹಂಗ ಮನಿ ಮನಿ ತಿರಗೋದ್ರಾಗ ಯಾರ ಬಾಳು ಹ್ಯಾಂಗ ನಡದದ ಅನ್ನೋದೂ ಗೊತ್ತಾಯ್ತು.

ನಾ ಅದನ್ನೇ ಹಿಡ್ದೆ. ವಾರಕ್ಕ ಮನಿಗಿ ಹತ್ತು ರೂಪಾಯಿ. ಬುಧವಾರ ಸಂಜಿ ರೊಟ್ಟಿ ಹೊತ್ತಿಗಿಂತ ಮೊದಲೇ ಹೋಗೋದು, ತಡಾ ಆದ್ರ ಊಟಕ್ಕ ಕುಂದ್ರಸ್ತಾರ, ಕೆಲಸ ಆಗಂಗಿಲ್ಲ. ವೆಸ್ಲಿಯವರ ಪ್ರಕಾರ "ನಿಮ್ಮ ಆತ್ಮ ಹ್ಯಾಂಗದ" ಅಂತ ಕೇಳ್ದೆ, ಎಲ್ಲರೂ "ದೇವರ ದಯೆ, ಆರಾಮ್ ಅದ" ಅಂದು ಹತ್ತು ರೂಪಾಯಿ ಕೈಯಾಗ ಇಟ್ಟು ಕಳಸ್ತಿದ್ರು. ಎರಡು ತಿಂಗಳು ಹಿಂಗೇ ಹೋಯ್ತು. ಆಮ್ಯಾಲ ಪ್ರಶ್ನಿ ಬದಲಿ ಮಾಡ್ದೆ: "ಐತವಾರ ಓದಿದ್ರಾಗ ಯಾವ್ದು ತಿಳೀಲಿಲ್ಲ?" ಇದೊಂದು ಮಾತಿಗಿ ಬಾಯಿ ಬಿಚ್ಚಿದ್ರು. ತಿಳದದ್ದು ಹೇಳಂದ್ರ ಮಂದಿ ಅಂಜತಾರ, ತಿಳೀದಿದ್ದು ಹೇಳ್ಲಿಕ್ಕ ಯಾರೂ ಅಂಜಂಗಿಲ್ಲ.

ಐತವಾರ ಓದ್ಲಿಕ್ಕ ಮಾರ್ಕನ ಸುವಾರ್ತೆ ತಗೊಂಡ್ವಿ, ಯೇಸುವಿನ ಬಾಳು ಹೇಳೋ ನಾಲ್ಕು ಪುಸ್ತಕದಾಗ ಒಂದು, ಸಣ್ಣದು, 16 ಅಧ್ಯಾಯ. ಪ್ರಸಂಗ ಇಲ್ಲ. ಒಬ್ಬರು ಗಟ್ಟ್ಯಾಗಿ ಓದೋದು, ಎರಡನೇ ಸಲ ಇನ್ನೊಬ್ಬರು ಅದನ್ನೇ ಓದೋದು, ಆಮ್ಯಾಲ ಮಾತು, ಹಾಡು, ಪ್ರಾರ್ಥನಿ. ನಮ್ಮಲ್ಲಿ ವಯಸ್ಸಾದವರು ತೆಲುಗು ಹಾಡೇ ಹಾಡೋದು, ಹಾಡ್ಲಿ ಬಿಡ್ರಿ. ನಾಲ್ಕನೇ ಅಧ್ಯಾಯ ಓದಿದ ವಾರ ಒಬ್ಬ ದೊಡ್ಡವ್ವನ ಮನಿಗಿ ಹೋಗಿದ್ದೆ, ಆಕಿಗಿ ಓದ್ಲಿಕ್ಕ ಬರಂಗಿಲ್ಲ. ತೊಗರಿ ಕೇರ್ಲಿಕ್ಕತ್ತಿದ್ಲು, ಮರ ಕೆಳಗಿಟ್ಟು ಕೇಳಿದ್ಲು, "ದೋಣ್ಯಾಗ ನೀರು ತುಂಬ್ಲಿಕ್ಕತ್ತಿತ್ತು, ಯೇಸುಸ್ವಾಮಿ ತಲಿದಿಂಬು ಹಾಕ್ಕೊಂಡು ಮಲಗಿದ್ದ ಅಂತ ಓದಿದ್ರಿ, ಅಂಥ ಹೊತ್ತಿನ್ಯಾಗ ಹ್ಯಾಂಗ ನಿದ್ದಿ ಬಂತಪಾ?" ನನಗ ಉತ್ತರ ಬರಲಿಲ್ಲ. ಸ್ವಲ್ಪ ಹೊತ್ತು ಸುಮ್ನ ಇದ್ದು ಆಕೀನೇ ಅಂದ್ಲು, "ದಣದಿದ್ದ ಕಾಣ್ತದ. ದಿನಾ ಎಲ್ಲಾ ಮಂದಿ ಮುಂದ ಮಾತಾಡಿದ್ನಲ್ಲ. ನಾನೂ ಹೊಲದಿಂದ ಬಂದು ಹಂಗೇ ಬೀಳ್ತೀನಿ." ಆ ದಿಂಬಿನ ಮಾತು ನಾಲ್ಕು ಸುವಾರ್ತೆಯೊಳಗ ಮಾರ್ಕನೊಬ್ಬನೇ ಬರದದ್ದು, ನಾ ಅದನ್ನ ಎಷ್ಟೋ ಸಲ ಓದಿ ದಾಟಿ ಹೋಗಿದ್ದೆ. ಮನಿಗಿ ಬಂದು ಹೆಂಡ್ತಿ ಮುಂದ ಹೇಳೋವಾಗ ಕಣ್ಣಾಗ ನೀರು ಬಂದ್ವು.

16 ವಾರ ಸಾಕಂತ ಲೆಕ್ಕ ಹಾಕಿದ್ದೆ, ಏಳು ತಿಂಗಳು ಹಿಡೀತು. ಸೋಯಾ ಬಿತ್ತೋ ಹೊತ್ತಿನ್ಯಾಗ, ಕಬ್ಬು ಕಡಿಯೋ ಹೊತ್ತಿನ್ಯಾಗ ನಾಲ್ಕೇ ಮಂದಿ ಬರ್ತಿದ್ರು, ನಾಲ್ಕು ಮಂದಿಗೇ ಓದಿದ್ವಿ. ಹೈದರಾಬಾದಿಗಿ ದುಡೀಲಿಕ್ಕ ಹೋದ ಹುಡುಗರಿಗಿ ಅಧ್ಯಾಯ ರೆಕಾರ್ಡ್ ಮಾಡಿ ಕಳಸಿ ನೋಡ್ದೆ, ನನ್ನ ದನಿಯಾಗ ಕಳಸಿದ್ರ ಕೇಳಂಗಿಲ್ಲ, ಅವರವ್ವ ಅಥವಾ ತಂಗಿ ಓದಿ ಕಳಸಿದ್ರ ಎರಡೆರಡು ಸಲ ಕೇಳ್ತಾರ. ಇನ್ನೊಂದು, 119ನೇ ಕೀರ್ತನೆ ಕೈಯಿಂದ ಬರದು ನೋಡ್ರಿ, ದಿನಕ್ಕ ಎಂಟು ವಚನ, 22 ದಿನಕ್ಕ 176 ಮುಗೀತಾವ. ನಾ ಒಂದು ದಿನ ಬಿಟ್ಟಿಲ್ಲ, ಮಗಳೂ ಜೋಡಿ ಕುಂತು ಬರದಾಳ.

ರೊಕ್ಕದ ಮಾತು. 22 ಮನಿಯಾಗ 17-18 ಮನಿ ಖಾಯಂ ಕೊಡ್ತಿದ್ವು, 11 ಸಾವಿರ ಹದಿನಾಲ್ಕು ತಿಂಗಳದಾಗ ತೀರಿತು. ಪ್ರತಿ ವಾರ ಎಷ್ಟು ಬಂತು ಎಷ್ಟು ಹೋಯ್ತು ಅಂತ ಚರ್ಚಿನ ಗೋಡಿ ಮ್ಯಾಲಿನ ಹಲಗಿಗಿ ಸುಣ್ಣದ ಕಡ್ಡೀಲೆ ಬರೀತೀವಿ, ಇದು ಮಾತ್ರ ಬಿಡಬ್ಯಾಡ್ರಿ. ಸಾಲ ತೀರಿದ ವರ್ಷ ಸುಗ್ಗಿ ಹಬ್ಬಕ್ಕ ಕಾಣಿಕಿ ಬಂದ ತೊಗರಿ ಹರಾಜು ಹಾಕಿದ್ವಿ, 15 ಸಾವಿರದ ಮ್ಯಾಲೇ ಬಂತು, ವಾರದ ಕಾಣಿಕಿ ಪೆಟ್ಟಿಗಿ ರೊಕ್ಕ ಸೇರಿಸಿ ಚರ್ಚ್ ಸೋರೋ ಕಡೆ ಹೊಸ ತಗಡು ಹಾಕಿಸಿದ್ವಿ. ಯಾರ ಬಾಗಿಲಿಗೂ ಅರ್ಜಿ ಹಿಡ್ಕೊಂಡು ಹೋಗಿಲ್ಲ. ಅವತ್ತು, ನಾಕು ವಾರ ನಡೀತದ ಅಂದಿದ್ದ ಆ ಹಿರಿಯರು ತಾವೇ ಏಣಿ ಹಿಡದು ನಿಂತಿದ್ರು.

ಹತ್ತು ವರ್ಷ ಮಾತು ಬಿಟ್ಟಿದ್ದ ಅಣ್ಣ ತಮ್ಮ ಒಂದೇ ಜಮಖಾನಿ ಮ್ಯಾಲ ಹ್ಯಾಂಗ ಕುಂತ್ರು ಅನ್ನೋದು ಭಾಳ ಮಂದಿ ಕೇಳ್ತಾರ. ಅದನ್ನ ಇಲ್ಲಿ ಬರೆಯಂಗಿಲ್ಲ, ಅದು ಅವರ ಮನಿ ಮಾತು, ನಮ್ಮೂರಿಗಿ ಬಂದ್ರ ಕುಂತು ಹೇಳ್ತೀನಿ. ಪೆಟ್ಟಿಗಿ ಯಾರ ಮನ್ಯಾಗ ಇಡ್ತೀವಿ ಅನ್ನೋದೂ ಹೇಳಂಗಿಲ್ಲ.

ದೀಕ್ಷಾಸ್ನಾನ, ಕರ್ತನ ಭೋಜನ (ರೊಟ್ಟಿ, ದ್ರಾಕ್ಷಾರಸ ಹಂಚೋ ಸಂಸ್ಕಾರ) ನಾವು ಮುಟ್ಟಿಲ್ಲ, ಅದು ಅಯ್ಯನೋರದೇ. ಮೊದಲು ಅವರಿಗೂ ಸ್ವಲ್ಪ ಬ್ಯಾಸರ ಇತ್ತು, ತಮ್ಮನ್ನ ಬಿಟ್ಟು ಬೇರೆ ಸಭೆ ಕಟ್ತಾರೇನೋ ಅಂತ. ಈಗ ಅವರು ಬಂದ ಐತವಾರ ನಾವು ತಿಳೀದಿದ್ದರ ಪಟ್ಟಿ ಮುಂದಿಡ್ತೀವಿ, ಅದರ ಮ್ಯಾಲೇ ಅವರು ಪ್ರಸಂಗ ಮಾಡ್ತಾರ. ಸದ್ಯ ಸತ್ಯವೇದದಾಗ ಪೌಲ ರೋಮಾಪುರದವರಿಗೆ ಬರದ ಪತ್ರಿಕಿಯ 9ನೇ ಅಧ್ಯಾಯದಾಗ ನಿಂತೀವಿ, ಪಟ್ಟಿ ಎರಡು ಹಾಳಿ ಆಗ್ಯಾದ, ಬರೋ ಐತವಾರ ಅವರ ಪಾಳಿ ಅದ.