ವಾದಿ ರಮ್‌ನಲ್ಲಿ ಫಿಶಿಂಗ್ ರಾಡ್, ಸ್ನೂಕರ್ ಚೆಂಡು ಮತ್ತು ನಬಾತಿಯನ್ ಬರಹ: ನನ್ನ ಅನುಭವ

ಜೋರ್ಡನ್ನಿನ ವಾದಿ ರಮ್ ಮರಳುಗಾಡಿನ ಬಂಡೆಗಳ ಮೇಲೆ ನಬಾತಿಯನ್ನರ, ಅಂದರೆ ಪೆಟ್ರಾ ನಗರ ಕಟ್ಟಿದ ಹಳೇ ಅರಬ್ ಜನರ, ಬರಹಗಳಿವೆ. ಅಲ್ಲಿನ ಗಾಳಿಯಲ್ಲಿ ಆರ್‌ಟಿಐ ಆಗದ ಮಾತು ಅಂತ ಹೇಳಿದವರು ಒಬ್ಬಿಬ್ಬರಲ್ಲ. ಮಾಹಿತಿ ಹಕ್ಕಲ್ಲ ಮತ್ತೆ! ಕ್ಯಾಮೆರಾ ಕದಲಿಸದೆ ಫ್ಲ್ಯಾಶ್ ಮಾತ್ರ ಸುತ್ತ ತಿರುಗಿಸಿ ಫ್ರೇಮ್ ಹೊಡೆದು, ಆಮೇಲೆ ಕಂಪ್ಯೂಟರಿನಲ್ಲಿ ಬೆಳಕನ್ನು ಬೇಕಾದ ಕಡೆಯಿಂದ ಬೀಳಿಸಿ ನೋಡುವ ಆರ್‌ಟಿಐ. ಶಾಸನ ಓದುವ ಪ್ರೊಫೆಸರ್ ಒಬ್ಬರಂತೂ "ಸುಮ್ನೆ ಫೋಟೋಗ್ರಾಮೆಟ್ರಿ ಮಾಡಿಕೊಡಿ ಸಾಕು" ಅಂದುಬಿಟ್ಟರು. ನಾನಾ ಕೋನದ ಫೋಟೋ ಜೋಡಿಸಿ 3ಡಿ ಮಾದರಿ ಮಾಡುವ ಆ ಕೆಲಸವನ್ನೂ ಮಾಡಿಕೊಟ್ಟೆ. ಬಂಡೆ ಚೆನ್ನಾಗಿ ಬಂತು, ಅಕ್ಷರ ಬರಲಿಲ್ಲ.

ನಾನು ಮಂಡ್ಯ ಕಡೆಯವನು, ಜೋರ್ಡನ್ನಿನ ಅಕಬಾದಲ್ಲಿ ಕೆಲಸ. ರಮ್‌ಗೆ ಕಾರಿನಲ್ಲಿ ಒಂದು ಗಂಟೆ ದಾರಿ. ರಜೆ ದಿನ ಸಂಶೋಧಕರ ತಂಡವೊಂದಕ್ಕೆ ಅವರ ಪರವಾನಗಿಯ ಮೇಲೆ ಫೋಟೋ ತೆಗೆದುಕೊಡುತ್ತೇನೆ. ಸಂಬಳ ಇಲ್ಲ. ಪೆಟ್ರೋಲ್ ದುಡ್ಡು ಕೇಳಿದರೆ ಕೊಡುತ್ತಾರೆ, ಕೇಳಬೇಕು ಅಷ್ಟೆ.

ನಬಾತಿಯನ್ನರದೇ ಇನ್ನೊಂದು ಊರಾದ ಸೌದಿಯ ಹೆಗ್ರಾದಲ್ಲಿ ಅಕ್ಷರ ಕಾಣದ ಈ ತಲೆನೋವು ಕಡಿಮೆ. ಅಲ್ಲಿ ಸಮಾಧಿಯ ಬಾಗಿಲ ಮೇಲೆ ಚೌಕಟ್ಟು ಬಿಟ್ಟು, ರಾಜನ ಆಳ್ವಿಕೆಯ ವರ್ಷ ಸಮೇತ ನೀಟಾಗಿ ಕೆತ್ತಿಸಿದ್ದಾರೆ. 1876ರಲ್ಲಿ ಅಲ್ಲಿಗೆ ಹೋದ ಇಂಗ್ಲಿಷ್ ಪ್ರವಾಸಿ ಚಾರ್ಲ್ಸ್ ಡೌಟಿ ಒದ್ದೆ ಕಾಗದ ಒತ್ತಿ ಅಚ್ಚು ತೆಗೆದುಕೊಂಡು ಬಂದ. 1907ರಿಂದ 1910ರ ನಡುವೆ ಜೊಸೆನ್ ಮತ್ತು ಸವಿನ್ಯಾಕ್ ಎಂಬ ಇಬ್ಬರು ಪಾದ್ರಿಗಳು ಕ್ಯಾಮೆರಾ ಹೊತ್ತುಕೊಂಡು ಹೋಗಿ ತೆಗೆದ ಫೋಟೋಗಳನ್ನು ಓದುವವರು ಇವತ್ತಿಗೂ ತೆರೆದು ನೋಡುತ್ತಾರೆ. ರಮ್‌ನದ್ದು ಬೇರೆ ಕಥೆ. ಹೋಗಿಬರುವವರು ಕಲ್ಲಿನಿಂದ ಕುಟ್ಟಿ ಹೆಸರು ಬರೆದುಹೋದದ್ದೇ ಜಾಸ್ತಿ. ಆಳ ಒಂದು ಮಿಲಿಮೀಟರ್ ಕೂಡ ಇರಲ್ಲ, ಅದನ್ನೂ ಎರಡು ಸಾವಿರ ವರ್ಷದಿಂದ ಗಾಳಿ ತಿನ್ನುತ್ತಿದೆ. ಒದ್ದೆ ಕಾಗದ ಒತ್ತಿದರೆ ಮರಳುಗಲ್ಲು ಉದುರುತ್ತದೆ. ಸೀಮೆಸುಣ್ಣ ತುಂಬುವ ಹಳೇ ಚಾಳಿಯನ್ನಂತೂ ಹತ್ತಿರ ಬಿಟ್ಟುಕೊಳ್ಳಬೇಡಿ.

ಮೊದಲು ಚೆಂಡಿನ ಪಾಡು. ಫ್ರೇಮಿನಲ್ಲಿ ಎರಡು ಹೊಳೆಯುವ ಕರಿ ಚೆಂಡು ಬೇಕು, ಅವುಗಳ ಮೇಲಿನ ಹೊಳಪಿನ ಚುಕ್ಕೆ ನೋಡಿಯೇ ಸಾಫ್ಟ್‌ವೇರ್ ಫ್ಲ್ಯಾಶ್ ಎಲ್ಲಿತ್ತು ಅಂತ ಲೆಕ್ಕ ಹಾಕುವುದು. ಅಂಗಡಿಯವನು ಸ್ನೂಕರ್ ಚೆಂಡು ಬಿಡಿಯಾಗಿ ಕೊಡಲ್ಲ ಅಂದ. ಇಡೀ ಸೆಟ್‌ಗೆ ಮೂವತ್ತು ದಿನಾರ್ ಚಿಲ್ಲರೆ, ಅಂದರೆ ನಮ್ಮ ಲೆಕ್ಕದಲ್ಲಿ ಮೂರೂವರೆ ಸಾವಿರದ ಮೇಲೆ. ಸೆಟ್‌ನಲ್ಲಿ ಕಪ್ಪು ಇರುವುದು ಒಂದೇ. ಗುಲಾಬಿ ಚೆಂಡಿಗೆ ಕಾರಿನ ಸ್ಪ್ರೇ ಪೇಂಟ್ ಹೊಡೆದು ಇನ್ನೊಂದು ಮಾಡಿಕೊಂಡೆ. ಉಳಿದವು ಪಕ್ಕದ ಮನೆ ಮಕ್ಕಳ ಪಾಲಾದವು.

ಆಮೇಲೆ ಟ್ರೈಪಾಡ್. ಮೊದಮೊದಲು ಒಂದು ಬರಹದ ಫ್ರೇಮುಗಳೂ ಒಂದರ ಮೇಲೊಂದು ಸರಿಯಾಗಿ ಕೂಡಲಿಲ್ಲ. ಮನೆಗೆ ಬಂದು ಲ್ಯಾಪ್‌ಟಾಪ್‌ಗೆ ಹಾಕಿದರೆ ಕೊನೆಯ ಫ್ರೇಮು ಮೊದಲನೆಯದಕ್ಕಿಂತ ನಾಲ್ಕೈದು ಪಿಕ್ಸೆಲ್ ಕೆಳಗೆ. ನಾವು ಸುತ್ತ ಓಡಾಡಿದ ಹಾಗೆ ಮರಳಿನಲ್ಲಿ ಕಾಲು ಇಳಿಯುತ್ತಿತ್ತು. ಮೂರು ಕಾಲಿನಡಿಗೂ ನೆಲದ ಟೈಲ್ಸ್ ತುಂಡು, ನಡುವೆ ಹತ್ತು ಲೀಟರ್ ನೀರಿನ ಕ್ಯಾನ್ ನೇತುಹಾಕಿದ ಮೇಲೆ ಅದು ನಿಂತಿತು. ಖರ್ಚು ಸೊನ್ನೆ.

ಗಾಳಿಯೇ ದೊಡ್ಡ ಶತ್ರು. ಅರವತ್ತು-ಎಪ್ಪತ್ತು ಸೆಂಟಿಮೀಟರ್ ಬರಹಕ್ಕೆ ಎರಡು, ಎರಡೂವರೆ ಮೀಟರ್ ದೂರದಿಂದ ಫ್ಲ್ಯಾಶ್ ಬೇಕು. ಪ್ರತಿ ಸಲ ಅಷ್ಟೇ ದೂರ. ಎಲ್ಲರೂ ಹಗ್ಗ ಕಟ್ಟಿ ಅಳೆಯುತ್ತಾರೆ. ರಮ್‌ನ ಗಾಳಿಗೆ ಹಗ್ಗ ಬಿಲ್ಲಿನ ಹಾಗೆ ಬಾಗುತ್ತದೆ, ಅಳತೆ ಕೆಡುತ್ತದೆ. ಅಕಬಾದಲ್ಲಿ ಮೀನು ಹಿಡಿಯುವವರು ಬೇಕಾದಷ್ಟು ಜನ. ಅವರ ಅಂಗಡಿಯಲ್ಲಿ ಎಳೆದರೆ ಉದ್ದವಾಗುವ ಫಿಶಿಂಗ್ ರಾಡ್ ಹದಿನೆಂಟಕ್ಕೋ ಇಪ್ಪತ್ತು ದಿನಾರಿಗೋ ಸಿಕ್ಕಿತು. ತುದಿಯಲ್ಲಿ ಸೆಕೆಂಡ್‌ಹ್ಯಾಂಡ್ ಮ್ಯಾನ್ಯುಯಲ್ ಫ್ಲ್ಯಾಶ್, ಅಗ್ಗದ ಟ್ರಿಗರ್. ಹಗ್ಗವನ್ನು ಬಿಟ್ಟೇಬಿಟ್ಟೆ. ಅದರ ಬದಲಿಗೆ ಅಳತೆಗೆ ಏನು ಮಾಡುತ್ತೇನೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಬಂಡೆಗೆ ಗೋಂದು ತಾಗಿಸದೆ ಚೆಂಡು ನಿಲ್ಲಿಸುವ ಉಪಾಯವನ್ನೂ ಕೇಳಬೇಡಿ.

ಹೊತ್ತು ಮುಳುಗಿ ಗಾಳಿ ಇಳಿದ ಮೇಲೇ ಕೆಲಸ. ಕ್ಯಾಮೆರಾ ಸೆಟ್ಟಿಂಗ್ ಎಫ್ 8, 1/125, ಐಎಸ್ಒ 100. ಬೆಳದಿಂಗಳಿದ್ದರೂ ತೊಂದರೆ ಇಲ್ಲ, ಫ್ಲ್ಯಾಶ್ ಮುಂದೆ ಅದು ಲೆಕ್ಕಕ್ಕೆ ಬರಲ್ಲ. ಫ್ಲ್ಯಾಶನ್ನು ಬಂಡೆಗೆ ಆದಷ್ಟು ಮಲಗಿಸಿ ಹೊಡೆದ ಫ್ರೇಮುಗಳೇ ಅಕ್ಷರ ಎಬ್ಬಿಸುವುದು, ಅಲ್ಲಿ ಜಿಪುಣತನ ಬೇಡ. ಒಂದು ಬರಹಕ್ಕೆ ನಲವತ್ತೈದು-ಐವತ್ತು ಫ್ರೇಮು, ಮುಕ್ಕಾಲು ಗಂಟೆ. ಸಾಫ್ಟ್‌ವೇರ್ ಪುಕ್ಕಟೆ. ದುಡ್ಡು ತಿನ್ನುವುದು ಜೀಪು: ರಾತ್ರಿ ಅಂದರೆ ನಲವತ್ತು-ಐವತ್ತು ದಿನಾರ್‌ಗಿಂತ ಕೆಳಗೆ ಯಾರೂ ಇಳಿಯಲ್ಲ. ಜೀಪು ಬಿಟ್ಟು ನನ್ನ ಇಡೀ ಸರಂಜಾಮು ನೂರೈವತ್ತು ದಿನಾರ್ ಒಳಗೇ ಮುಗಿದಿದೆ.

ಕೊನೆಗೆ ಪ್ರೊಫೆಸರ್ ಸುಮ್ಮನಾದದ್ದು ಒಂದು ಸಣ್ಣ ಬರಹದ ಮುಂದೆ. ಇಲ್ಲಿನ ಮಾಮೂಲಿ ಕ್ರಮವೇ: "ಶ್ಲಮ್", ಒಂದು ಹೆಸರು, "ಬರ್", ಅಪ್ಪನ ಹೆಸರು. ಇಂಥವನ ಮಗ ಇಂಥವನಿಗೆ ಕ್ಷೇಮ. ಅಪ್ಪನ ಹೆಸರಿನ ನಡುವೆ ಒಂದು ಓರೆ ಗೆರೆ. ಹಗಲಿನ ಫೋಟೋದಲ್ಲಿ ಅದು ಅಕ್ಷರದ ಕಾಲಿನ ಹಾಗೇ ಕಾಣುತ್ತಿತ್ತು. ಆರ್‌ಟಿಐ ಫೈಲನ್ನು, ಕಲ್ಲಿನ ಮೈ ಹೊಳೆಯುವಂತೆ ತೋರಿಸುವ ಸ್ಪೆಕ್ಯುಲರ್ ಮೋಡ್‌ಗೆ ಹಾಕಿ ಬೆಳಕನ್ನು ಎಡಕ್ಕೆ ಎಳೆದೆ. ಉಳಿದ ಗೆರೆಗಳಲ್ಲೆಲ್ಲ ಕಲ್ಲಿನ ಪೆಟ್ಟಿನ ಗುಳಿಗಳು, ಒಂದರ ಪಕ್ಕ ಒಂದು, ಎಣಿಸುವಷ್ಟು ಸ್ಪಷ್ಟ. ಓರೆ ಗೆರೆಯಲ್ಲಿ ಮಾತ್ರ ಒಂದು ಗುಳಿಯೂ ಇಲ್ಲ. ಬರೀ ಬಿರುಕು. ಅದನ್ನು ತೆಗೆದರೆ ಬೇರೆಯೇ ಹೆಸರು. ಪ್ರೊಫೆಸರ್ ಮೌಸ್ ಕಿತ್ತುಕೊಂಡು ತಾವೇ ಬೆಳಕು ತಿರುಗಿಸಲು ಶುರುಮಾಡಿದರು. ನಾನೇನೂ ಹೇಳಲಿಲ್ಲ, ಟೀ ಕುಡಿದೆ.

ನಡುವೆ ಹುಚ್ಚಾಟಗಳೂ ನಡೆದಿವೆ. ಹಳೇ ಕ್ಯಾಮೆರಾ ಬಿಚ್ಚಿಸಿ ಇನ್‌ಫ್ರಾರೆಡ್ ಮಾಡಿಸಿದೆ. ನೂರು ದಿನಾರ್ ಹತ್ತಿರ ಹೋಯಿತು, ಕುಟ್ಟಿದ ಬರಹಕ್ಕೆ ಅದರಿಂದ ಕವಡೆ ಕಾಸಿನ ಪ್ರಯೋಜನ ಇಲ್ಲ. ಹಗಲಿನಲ್ಲಿ ಬಾತ್‌ರೂಮ್ ಕನ್ನಡಿಯಿಂದ ಬಿಸಿಲು ಹಾಯಿಸುವುದು ಅದಕ್ಕಿಂತ ಎಷ್ಟೋ ವಾಸಿ. ಪೂರ್ತಿ ಆರ್‌ಟಿಐ ಮಾಡಬೇಕಾದ ಬರಹ ಯಾವುದು ಅಂತ ಆರಿಸಲು ಈಗಲೂ ಅದೇ. ಪೆಟ್ರಾ ಪಕ್ಕದ ಸೀಕ್ ಅಲ್‌ಬಾರಿದ್‌ನಲ್ಲಿ ದ್ರಾಕ್ಷಿ ಬಳ್ಳಿ, ಹಕ್ಕಿ ಬರೆದ ನಬಾತಿಯನ್ ಚಾವಣಿ ಇದೆ. ಅದರ ಫೋಟೋವನ್ನು ಮಾಸಿದ ಬಣ್ಣ ಎಬ್ಬಿಸಲು ಬಂಡೆಚಿತ್ರದವರು ಬಳಸುವ ಸಾಫ್ಟ್‌ವೇರ್ ಡಿ-ಸ್ಟ್ರೆಚ್‌ಗೆ ಹಾಕಿ ನೋಡಿದೆ. ಬಣ್ಣ ಎದ್ದು ಬಂತು, ಹಳೇ ಹೊಗೆ ಮಸಿಯೂ ಅಷ್ಟೇ ಜೋರಾಗಿ ಎದ್ದಿತು. ಡ್ರೋನ್ ಆಸೆ ಇರುವವರು ಜೋರ್ಡನ್‌ಗೆ ತರಲೇಬೇಡಿ, ಪರವಾನಗಿ ಇಲ್ಲದಿದ್ದರೆ ವಿಮಾನ ನಿಲ್ದಾಣದಲ್ಲೇ ಹಿಡಿದಿಟ್ಟುಕೊಳ್ಳುತ್ತಾರೆ.

ಈಗ ಅದೇ ಪ್ರೊಫೆಸರ್ ಹೊಸ ಪಟ್ಟಿ ಕಳಿಸಿದ್ದಾರೆ. ಅದರಲ್ಲಿ ಅರ್ಧ ಬರಹಗಳು ನೆಲದಿಂದ ಹನ್ನೆರಡು ಅಡಿ ಮೇಲಿವೆ. ನನ್ನ ರಾಡ್ ಅಷ್ಟು ಎತ್ತರಕ್ಕೆ ಸಾಲದು, ಏಣಿ ಬಾಡಿಗೆ ಯಾರು ಕೊಡುತ್ತಾರೆ ಅಂತ ಮೊದಲೇ ಕೇಳಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.