ಹೃದಯ ವೈಫಲ್ಯದ ಹಿರಿಯರಿಗೆ ನಾನು ವ್ಯಾಯಾಮ ಮಾಡಿಸುವ ಕ್ರಮ

ಹೃದಯ ವೈಫಲ್ಯದಿಂದ, ಅಂದರೆ ಹೃದಯವು ದೇಹಕ್ಕೆ ಬೇಕಾದಷ್ಟು ರಕ್ತವನ್ನು ಪಂಪ್ ಮಾಡಲಾಗದ ಸ್ಥಿತಿಯಿಂದ, ಆಸ್ಪತ್ರೆ ಸೇರಿ, ಉಸಿರಾಟ ಸುಧಾರಿಸಿ, ಕಾಲಿನ ಬಾವು ಇಳಿದು ಮನೆಗೆ ಹೊರಟ ಹಿರಿಯರು ನನ್ನ ಬಳಿ ಬಂದಾಗ, ಫಿಸಿಯೋಥೆರಪಿಸ್ಟ್ ಆಗಿ ನಾನು ಮೊದಲು ಗಮನಿಸುವುದು ಅವರು ಎಷ್ಟು ದೂರ ನಡೆಯುತ್ತಾರೆ ಎಂಬುದನ್ನಲ್ಲ, ಕುರ್ಚಿಯಿಂದ ಹೇಗೆ ಏಳುತ್ತಾರೆ ಎಂಬುದನ್ನು. ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಐದು ಸಲ ಎದ್ದು ಕೂರಲು ಹೇಳುತ್ತೇನೆ. ಎರಡನೆಯ ಸಲಕ್ಕೇ ಅನೇಕರ ಕೈ ತಾನಾಗಿ ಕುರ್ಚಿಯ ಹಿಡಿಯತ್ತ ಹೋಗುತ್ತದೆ, ಮೊಣಕಾಲುಗಳು ಒಳಕ್ಕೆ ವಾಲುತ್ತವೆ, ಆದರೆ ಉಸಿರು ಇನ್ನೂ ಏರಿರುವುದಿಲ್ಲ. ಇಂಥವರನ್ನು ಆ ಗಳಿಗೆಯಲ್ಲಿ ತಡೆಯುತ್ತಿರುವುದು ಹೃದಯಕ್ಕಿಂತ ಹೆಚ್ಚಾಗಿ ತೊಡೆಯ ಸ್ನಾಯು. ವಯಸ್ಸು, ಕಾಯಿಲೆ ಮತ್ತು ಹಾಸಿಗೆಯಲ್ಲಿ ಕಳೆದ ದಿನಗಳು ಮೂರೂ ಸೇರಿ ಅದನ್ನು ಕರಗಿಸಿರುತ್ತವೆ.

ಆದ್ದರಿಂದ ನಾನು ಶಕ್ತಿ ಮತ್ತು ಸಮತೋಲನದಿಂದ ಆರಂಭಿಸುತ್ತೇನೆ. ಕುರ್ಚಿಯ ಮೇಲೆ ಗಟ್ಟಿಯಾದ ದಿಂಬಿಟ್ಟು ಎತ್ತರ ಹೆಚ್ಚಿಸಿ, ಕೈಯ ಆಸರೆಯಿಲ್ಲದೆ ಏಳುವುದು ಸಾಧ್ಯವಾದ ಮೇಲೆ ದಿಂಬನ್ನು ತೆಗೆಯುತ್ತೇನೆ. ಗೋಡೆಯ ಪಕ್ಕದಲ್ಲಿ ಪಾದಗಳನ್ನು ಒಂದರ ಮುಂದೊಂದು ಇಟ್ಟು ನಿಲ್ಲಿಸುತ್ತೇನೆ. 10 ಸೆಕೆಂಡು ಅಲುಗಾಡದೆ ನಿಲ್ಲುವಷ್ಟಾದರೆ ಅದೇ ದೊಡ್ಡ ಗೆಲುವು. ನಡಿಗೆಯನ್ನು ಸಣ್ಣ ಸಣ್ಣ ತುಂಡುಗಳಾಗಿ, ನಡುನಡುವೆ ಕೂರಿಸಿ ಮಾಡಿಸುತ್ತೇನೆ.

ನಾಡಿಬಡಿತವನ್ನು ನಿಧಾನಗೊಳಿಸುವ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ನಾಡಿಬಡಿತ ಶ್ರಮಕ್ಕೆ ತಕ್ಕಂತೆ ಏರುವುದಿಲ್ಲವಾದ್ದರಿಂದ, ಅದೊಂದನ್ನೇ ನಂಬಿ ವ್ಯಾಯಾಮದ ತೀವ್ರತೆಯನ್ನು ನಿಗದಿಪಡಿಸುವುದು ಸರಿಯಲ್ಲ. 6ರಿಂದ (ಶ್ರಮವೇ ಇಲ್ಲ) 20ರವರೆಗಿನ (ಗರಿಷ್ಠ ಶ್ರಮ) ಬೋರ್ಗ್ ಮಾಪನದಲ್ಲಿ ತಮಗೆಷ್ಟು ಆಯಾಸವಾಗಿದೆ ಎಂದು ಅವರನ್ನೇ ಕೇಳಿ, 11ರಿಂದ 13ರೊಳಗೆ ಇರುವಂತೆ ನೋಡಿಕೊಳ್ಳುತ್ತೇನೆ. ಅಂಕಿ ಹೇಳಲು ತೊಡಕಾದವರು ಒಂದು ಪೂರ್ತಿ ವಾಕ್ಯವನ್ನು ತಡೆಯಿಲ್ಲದೆ ಆಡಿದರೆ ಸಾಕು.

2021ರಲ್ಲಿ ಪ್ರಕಟವಾದ ರಿಹ್ಯಾಬ್-ಎಚ್‌ಎಫ್ ಅಧ್ಯಯನವು ಈ ಕ್ರಮದ ಬಗ್ಗೆ ನನ್ನ ನಂಬಿಕೆಯನ್ನು ಗಟ್ಟಿಗೊಳಿಸಿತು. ಹೃದಯ ವೈಫಲ್ಯಕ್ಕಾಗಿ ಆಸ್ಪತ್ರೆ ಸೇರಿದ್ದ, 60 ಮತ್ತು ಅದಕ್ಕಿಂತ ಹೆಚ್ಚು ವಯಸ್ಸಿನ 349 ಮಂದಿಯಲ್ಲಿ ಶಕ್ತಿ, ಸಮತೋಲನ, ಚಲನೆ ಮತ್ತು ಸಹನಶಕ್ತಿ ನಾಲ್ಕನ್ನೂ ಒಳಗೊಂಡ ತರಬೇತಿ ಪಡೆದವರ ದೈಹಿಕ ಸಾಮರ್ಥ್ಯದ ಅಂಕ (ಸಮತೋಲನ, ನಡಿಗೆಯ ವೇಗ, ಕುರ್ಚಿಯಿಂದ ಏಳುವುದನ್ನು ನೋಡಿ ಕೊಡುವುದು) ಮೂರು ತಿಂಗಳಿಗೆ 12ಕ್ಕೆ 8.3 ಆಗಿತ್ತು, ಎಂದಿನ ಆರೈಕೆ ಪಡೆದವರದು 6.9. ಆದರೆ ಆರು ತಿಂಗಳೊಳಗೆ ಮತ್ತೆ ಆಸ್ಪತ್ರೆ ಸೇರುವ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಇದನ್ನೂ ನಾನು ಮನೆಯವರಿಗೆ ಮುಚ್ಚಿಡದೆ ಹೇಳುತ್ತೇನೆ. ಯಾರ ಕೈಯನ್ನೂ ಹಿಡಿಯದೆ ಶೌಚಾಲಯಕ್ಕೆ ಹೋಗಿಬರುವುದು ಆ ಹಿರಿಯರಿಗೆ ಎಷ್ಟು ಮುಖ್ಯವೆಂದು ಬಲ್ಲ ಯಾರೂ ದೈಹಿಕ ಸಾಮರ್ಥ್ಯದಲ್ಲಾದ ಈ ಸುಧಾರಣೆಯನ್ನು ಸಣ್ಣದೆನ್ನಲಾರರು.

ಪ್ರತಿದಿನ ಬೆಳಿಗ್ಗೆ ಮೂತ್ರ ವಿಸರ್ಜನೆಯ ನಂತರ, ತಿಂಡಿಗೆ ಮುಂಚೆ ತೂಕ ನೋಡಿ ಬರೆದಿಡಲು ಎಲ್ಲರಿಗೂ ಹೇಳಿರುತ್ತೇನೆ. ಮೂರು ದಿನಗಳಲ್ಲಿ ಎರಡು ಕಿಲೋ ಏರಿದ್ದರೆ ಅದು ದೇಹದಲ್ಲಿ ನೀರು ನಿಲ್ಲುತ್ತಿರುವ ಲಕ್ಷಣವಾಗಿರಬಹುದು. ಅಂದು ವ್ಯಾಯಾಮ ಬೇಡ, ವೈದ್ಯರಿಗೆ ತಿಳಿಸಬೇಕು. ಎದೆನೋವು, ಮಲಗಿದರೆ ಏರುವ ಉಬ್ಬಸ, ಎದ್ದುನಿಂತಾಗ ತಲೆಸುತ್ತು ಕಂಡರೂ ಅಷ್ಟೇ. ಮೂತ್ರ ಹೆಚ್ಚಿಸುವ ಮಾತ್ರೆಯಿಂದ ರಕ್ತದೊತ್ತಡ ಇಳಿದಿರುವ ಸಾಧ್ಯತೆ ಇರುವುದರಿಂದ, ತಲೆಸುತ್ತು ಬಂದವರನ್ನು ಕೂರಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ರಕ್ತದೊತ್ತಡ ಅಳೆದು ಆ ಅಂಕಿಗಳನ್ನು ವೈದ್ಯರಿಗೆ ಕಳುಹಿಸುತ್ತೇನೆ.